ಕೊಂಡುಕುರಿಯ ಕಾಡಿಗೆ ಜೀಪು ಬೇಡ

ಕೊಡಚಾದ್ರಿಗೋ ಮಾಂದಲಪಟ್ಟಿಗೋ ಜೀಪಿನಲ್ಲಿ ಹೋಗಿ ಬಂದವರು ಕೇಳುವ ಪ್ರಶ್ನೆಯೊಂದಿದೆ: ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಇಂಥದ್ದು ಯಾಕಿಲ್ಲ? ಬೆಳಿಗ್ಗೆ ಕಲ್ಲುಮಣ್ಣಿನ ದಾರಿಯಲ್ಲಿ ಜೀಪು ಹತ್ತಿಸಿ, ಗೈಡ್ ಜೊತೆ ಒಂದಷ್ಟು ನಡೆಸಿ, ಸಂಜೆಗೆ ಊರು ಮುಟ್ಟಿಸುವ ಒಂದು ದಿನದ ಪ್ರವಾಸ. ರಾಜ್ಯದ 2024–29ರ ಪ್ರವಾಸೋದ್ಯಮ ನೀತಿಯಲ್ಲಿ ಸಾಹಸ ಪ್ರವಾಸಕ್ಕೂ ಜಾಗವಿದೆ. ಹಾಗಾಗಿ ಟೆಂಡರ್ ಕರೆಯುವ ದಿನಕ್ಕೆ ಕಾಯದೆ ಈಗಲೇ ಹೇಳಿಬಿಡುತ್ತೇನೆ: ನಡಿಗೆ ಬರಲಿ, ಜೀಪು ಬೇಡ.

ಜಗಳೂರಿನಿಂದ ಶುರು ಮಾಡೋಣ. ಅಲ್ಲಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿ ವನ್ಯಜೀವಿಧಾಮವಾಯಿತು. ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್ ಮಾತ್ರ. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು. ಕಾಡಿನಲ್ಲಿ ಬದುಕುವ ಬೇರೆ ಯಾವ ಸಸ್ತನಿಗೂ ಈ ಲಕ್ಷಣವಿಲ್ಲ. ಇಪ್ಪತ್ತು ಕಿಲೋ ಆಸುಪಾಸಿನ ತೂಕ, ಎರಡಡಿ ಎತ್ತರ. ಜಿಂಕೆಗಳಂತೆ ಹಿಂಡು ಕಟ್ಟುವುದಿಲ್ಲ, ಸದ್ದು ಕೇಳಿದರೆ ಹುಲ್ಲಿನಲ್ಲಿ ಅಲುಗಾಡದೆ ನಿಂತುಬಿಡುತ್ತದೆ. ಮಳೆಗಾಲದ ಹೊತ್ತಿಗೆ ಜೊತೆಗೂಡಿ, ಸುಮಾರು ಎಂಟು ತಿಂಗಳು ಗಬ್ಬ ಹೊತ್ತು, ಬೇಸಿಗೆಗೆ ಮುಂಚೆ ಈಯುತ್ತದೆ. ಮರಿಯನ್ನು ಮೊದಲ ಕೆಲವು ವಾರ ತಾಯಿ ಹುಲ್ಲಿನ ಮರೆಯಲ್ಲಿ ಬಚ್ಚಿಡುತ್ತದೆ. ಪ್ರವಾಸಿಗರು ಊರೂರು ಸುತ್ತಲು ಹೊರಡುವ ಒಣ ಹವೆಯ ತಿಂಗಳುಗಳೂ ಅವೇ. ದಾರಿ ಬಿಟ್ಟು ಹುಲ್ಲಿಗೆ ಇಳಿದ ಚಕ್ರಕ್ಕೆ ಓಡದೆ ಮಲಗಿರುವ ಮರಿ ಕಾಣುವುದು ಹೇಗೆ?

ಈ ಪ್ರಾಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಧಾಮದೊಳಗೆ ಕಾಲಿಡಲೂ ಅನುಮತಿ ಬೇಕು. ಪ್ರವಾಸಕ್ಕೆ ಅನುಮತಿ ಕೊಡುವ ಅವಕಾಶವೂ ಅದೇ ಕಾಯ್ದೆಯಲ್ಲಿದೆ, ನನ್ನ ಭಯವಿರುವುದು ಅಲ್ಲೇ. ಮೊದಲು ಅರಣ್ಯ ಇಲಾಖೆಯ ಒಂದು ವಾಹನ, ಆಮೇಲೆ ಗುತ್ತಿಗೆಯ ನಾಲ್ಕು, ಆಮೇಲೆ ಶಿಫಾರಸು ಹಿಡಿದು ಬಂದವರ ಸ್ವಂತ ಗಾಡಿಗಳು. ಮಳೆ ಕಡಿಮೆ ಇರುವ ಜಗಳೂರಿನ ಕುರುಚಲು ಕಾಡಿನಲ್ಲಿ ಒಮ್ಮೆ ಕಿತ್ತುಹೋದ ಹುಲ್ಲು ಬೇಗ ಮರಳುವುದಿಲ್ಲ. ಬಿದ್ದ ಗಾಲಿಗುರುತೇ ಮುಂದಿನ ಮಳೆಗೆ ಕೊರಕಲಾಗುತ್ತದೆ.

ಜೀಪಿನಿಂದ ಹುಡುಗರಿಗೆ ಕೆಲಸ ಸಿಗುತ್ತದೆ ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕೊಡಚಾದ್ರಿ ತಪ್ಪಲಿನಲ್ಲಿ ಅದನ್ನೇ ನಂಬಿದ ಮನೆಗಳಿವೆ. ಆದರೆ ಜೀಪು ಕೊಳ್ಳುವ ಶಕ್ತಿ ಇರುವುದು ಯಾರಿಗೆ? ಕಾಡಂಚಿನ ಹಳ್ಳಿಯ ಕುರಿ ಕಾಯುವ ಹುಡುಗನಿಗೆ ಸಾಲ ಸಿಕ್ಕರೂ ಕಂತು ಕಟ್ಟಲು ದಿನಕ್ಕೆ ಮೂರು ಸಲ ಗುಡ್ಡ ಹತ್ತಿಸಬೇಕು. ನಡಿಗೆಯ ಗೈಡ್ ಆಗಲು ಅವನಿಗೆ ಬಂಡವಾಳ ಬೇಡ, ಕಾಡು ಗೊತ್ತಿದ್ದರೆ ಸಾಕು. ನಡೆಯುವವರಿಗೂ ಮಿತಿ ಇರಲೇಬೇಕು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಚಾರಣಿಗರು ಮುಗಿಬಿದ್ದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಸರ್ಕಾರ ತಡೆಹಿಡಿಯಬೇಕಾಯಿತು.

ಚನ್ನಗಿರಿಗೆ ಬಂದರೆ ಸೂಳೆಕೆರೆ, ಅಂದರೆ ಶಾಂತಿಸಾಗರ. ನಡೆದು ನೋಡಲೆಂದೇ ಇರುವ ಜಾಗವಿದು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಸಾವಿರ ಅಡಿಯೂ ಇಲ್ಲದ ಏರಿ ಹಾಕಿ, ಸುಮಾರು 6,550 ಎಕರೆ ನೀರು ನಿಲ್ಲಿಸಿದ್ದಾರೆ ನಮ್ಮ ಹಿರಿಯರು. ಹರಿದ್ರಾ ಹಳ್ಳಕ್ಕೆ ಕಟ್ಟಿದ ಆ ಏರಿಯ ಗಟ್ಟಿತನವನ್ನು 19ನೇ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ಗುರುತಿಸಿದ್ದರು. ಸಿದ್ಧನ ತೂಬು, ಬಸವನ ತೂಬುಗಳ ನಡುವೆ ನಿಂತು ಕೆರೆಯ ಕತೆ ಹೇಳಬಲ್ಲ ಹಿರಿಯರು ಸುತ್ತಲಿನ ಹಳ್ಳಿಗಳಲ್ಲಿದ್ದಾರೆ. ಹತ್ತಿರದಲ್ಲೇ ಸಂತೇಬೆನ್ನೂರಿನ ಪುಷ್ಕರಿಣಿಯಿದೆ. ಒಂದು ದಿನ ತುಂಬಲು ಇನ್ನೇನು ಬೇಕು? ಆದರೆ ಚಿತ್ರದುರ್ಗದವರೂ ಕುಡಿಯುವ ಈ ನೀರಿನ ಅಂಗಳಕ್ಕೆ ಹದ್ದುಬಸ್ತು ಮಾಡಿ, ಒತ್ತುವರಿ ಬಿಡಿಸಿ ಎಂದು ಸ್ಥಳೀಯರು ಹೋರಾಡಬೇಕಾಗಿ ಬಂತು. ಗಡಿಕಲ್ಲು ಗಟ್ಟಿಯಾಗದ ಕೆರೆಯಂಚಿನಲ್ಲಿ ಗಾಡಿ ಓಡಿದರೆ ಆ ಜಾಡೇ ರಸ್ತೆಯಾಗುತ್ತದೆ, ರಸ್ತೆ ಪಕ್ಕ ರೆಸಾರ್ಟ್ ಏಳುತ್ತದೆ.

ಹೊನ್ನಾಳಿ, ನ್ಯಾಮತಿ ಕಡೆ ತೀರ್ಥರಾಮೇಶ್ವರದ ಗುಡ್ಡವಿದೆ. ಭಕ್ತರು ಹೋಗುವ ದಾರಿ ಇದ್ದೇ ಇದೆ, ಹೊಸದು ಕಡಿಯಬೇಕಿಲ್ಲ. 2023ರ ಏಪ್ರಿಲ್‌ನಲ್ಲಿ ಈ ಸೀಮೆಯಲ್ಲಿ ಕಾಡಾನೆ ದಾಳಿಗೆ ಹುಡುಗಿಯೊಬ್ಬಳು ಬಲಿಯಾದಳು, ಆನೆ ಹಿಡಿಯಲು ಹೋದ ಪಶುವೈದ್ಯರು ಗಾಯಗೊಂಡರು. ಅಂಥ ಕಾಡಂಚಿನಲ್ಲಿ ಎಂಜಿನ್ ಸದ್ದು ಎಬ್ಬಿಸಿದರೆ ಬೆದರಿದ ಪ್ರಾಣಿ ನುಗ್ಗುವುದು ಅಡಿಕೆ ತೋಟಕ್ಕೆ, ಮೆಕ್ಕೆಜೋಳದ ಹೊಲಕ್ಕೆ.

ಜಿಲ್ಲಾಡಳಿತ ಮೊದಲು ಸೂಳೆಕೆರೆಯ ಹದ್ದುಬಸ್ತು ಮುಗಿಸಿ ನಕ್ಷೆಯನ್ನು ಗ್ರಾಮ ಪಂಚಾಯಿತಿಗಳ ಗೋಡೆಗೆ ಅಂಟಿಸಲಿ. ರಂಗಯ್ಯನದುರ್ಗದಲ್ಲಿ ಇಲಾಖೆಯ ಗಸ್ತು ವಾಹನ ಬಿಟ್ಟು ಬೇರೆ ಗಾಡಿಗೆ ಪ್ರವೇಶವಿಲ್ಲ ಎಂದು ಬರಹದಲ್ಲಿ ಆದೇಶ ಹೊರಡಿಸಲಿ. ಗೈಡ್ ತರಬೇತಿಗೆ ಕಾಡಂಚಿನ ಹಳ್ಳಿಗಳ ಹುಡುಗ ಹುಡುಗಿಯರನ್ನೇ ಕರೆಯಲಿ, ಮರಿ ಹಾಕುವ ತಿಂಗಳುಗಳಲ್ಲಿ ನಡಿಗೆಯನ್ನೂ ನಿಲ್ಲಿಸಲಿ.