ಹೇಳಿ ಮಾಡಿಸಿದ ಕಾರು

ಚಿಕ್ಕಬಾಣಾವರದ ನಮ್ಮ ಮನೆಯ ಮುಂದೆ ನಿಂತಿರುವ ಕಾರಿನ ಚಾವಣಿಯಲ್ಲಿ ಈಗ ನಕ್ಷತ್ರಗಳಿವೆ. ಸ್ವಿಚ್ ಒತ್ತಿದರೆ ಮಟಮಟ ಮಧ್ಯಾಹ್ನದಲ್ಲೂ ಮಿನುಗುತ್ತವೆ. ಎಲ್ಲ ನನ್ನ ಮಗನ ಪ್ರತಾಪ. ವರ್ಷದ ಉಳಿತಾಯ ಸುರಿದು ಚರ್ಮದಂತೆ ಕಾಣುವ ಸೀಟಿನ ಹೊದಿಕೆ, ಅಗಲ ಚಕ್ರ, ಮೇಲೊಂದು ನಕ್ಷತ್ರಲೋಕ ಹಾಕಿಸಿಕೊಂಡು ಬಂದ. ಹೆಸರಘಟ್ಟ ರಸ್ತೆಯ ಧೂಳನ್ನು ಒರೆಸಿದ್ದೇ ಒರೆಸಿದ್ದು. "ಅಮ್ಮಾ, ಥೇಟ್ ರೋಲ್ಸ್ ರಾಯ್ಸ್!" ಎಂದ.

ಅದೇ ವಾರ ತುಮಕೂರಿನಲ್ಲಿ ಹತ್ತಿರದ ನೆಂಟರ ಮದುವೆ. ಅತ್ತೆಯವರು ಎಂದಿನಂತೆ, "ನನಗೆ ಹೊರಗಿನ ಊಟ ಸೇರೋದಿಲ್ಲ, ನೀವು ಹೋಗಿ ಬನ್ನಿ" ಎಂದರು. ಎರಡು ವರ್ಷದಿಂದ ಇದೇ ಮಾತು. ಮಂಡಿ ನೋವಿನ ಅವರನ್ನು ಒಮ್ಮೆ ಛತ್ರದ ಬಾಗಿಲಲ್ಲಿ, ನೂರು ಜನರೆದುರು, ಇಬ್ಬರು ಗಂಡಸರು ಕಂಕುಳಿಗೆ ಕೈ ಕೊಟ್ಟು ಕಾರಿನೊಳಗೆ ಎತ್ತಿ ಹಾಕಿದ್ದರು. ಸೀರೆ ಮೊಣಕಾಲಿಗೆ ಬಂದಿತ್ತು. ಅಂದಿನಿಂದ ಅವರಿಗೆ ಹೊರಗಿನ ಊಟ ಸೇರುವುದಿಲ್ಲ!

ನನ್ನ ತಕರಾರು ಶುರುವಾಗುವುದೇ ಇಲ್ಲಿಂದ.

ಭಾನುವಾರ ಮಗನ ಗೆಳೆಯರು ಬಂದರೆ ನಮ್ಮ ವರಾಂಡದಲ್ಲಿ ಎರಡು ಪಕ್ಷ. ಹೇಳಿ ಮಾಡಿಸಿದ ಐಷಾರಾಮಿ ಕಾರಿನಲ್ಲಿ ಯೂರೋಪು ಮೇಲೋ ಜಪಾನು ಮೇಲೋ ಎಂಬ ವಾದ. ಒಬ್ಬರೂ ಅಂಥ ಕಾರು ಕೊಂಡವರಲ್ಲ, ಕೊಳ್ಳುವವರೂ ಅಲ್ಲ. ಆದರೂ ಕಾಫಿ ಆರುವವರೆಗೆ ಜಗಳ. ಲೋಟ ಎತ್ತಲು ಹೋದ ನಾನೂ ಕಿವಿಗೊಟ್ಟೆ. ಆಮೇಲೆ ಕುತೂಹಲದಿಂದ ಓದಿಯೂ ನೋಡಿದೆ.

ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ತಯಾರಾಗುವ ರೋಲ್ಸ್ ರಾಯ್ಸ್ ಕಂಪನಿಯದು ಗಿರಾಕಿ ಕೇಳಿದ್ದಕ್ಕೆಲ್ಲ 'ಹೂಂ' ಎನ್ನುವ ದಾರಿ. ನಲವತ್ತು ಸಾವಿರಕ್ಕೂ ಹೆಚ್ಚು ಬಣ್ಣಗಳಂತೆ. ಒಪ್ಪದಿದ್ದರೆ ಹೊಸತೇ ಕಲೆಸಿ ಕೊಡುತ್ತಾರೆ. ಕಾರಿನ ಪಕ್ಕದ ತೆಳುಗೆರೆಯನ್ನು ಅಳಿಲಿನ ಕೂದಲಿನ ಕುಂಚದಿಂದ ಕೈಯಲ್ಲೇ ಎಳೆಯುತ್ತಾರೆ. ಚಾವಣಿಯ ಚರ್ಮಕ್ಕೆ ನೂರಾರು ತೂತು ಕೊರೆದು ಬೆಳಕಿನ ಎಳೆಗಳನ್ನು ಒಂದೊಂದಾಗಿ ಪೋಣಿಸಿ, ನೀವು ಹುಟ್ಟಿದ ರಾತ್ರಿಯ ಆಕಾಶವನ್ನೇ ಬೇಕಾದರೂ ಮಾಡಿಕೊಡುತ್ತಾರೆ. ಮೂತಿಯ ಮೇಲೆ 1911ರಿಂದ ಗಾಳಿಗೆ ಮೈಯೊಡ್ಡಿದ ಒಬ್ಬ ಹೆಣ್ಣು. ಅದಕ್ಕೆ ಮಾದರಿ ಎನ್ನಲಾಗುವ ಎಲಿನಾರ್ ಥಾರ್ನ್‌ಟನ್, 1915ರಲ್ಲಿ ಇಂಡಿಯಾದತ್ತ ಹೊರಟಿದ್ದ ಹಡಗು ಟಾರ್ಪಿಡೊ ಏಟಿಗೆ ಮುಳುಗಿದಾಗ ಅದರೊಂದಿಗೇ ಸಮುದ್ರದ ಪಾಲಾದಳು. ಬೊಂಬೆ ಮಾತ್ರ ಇನ್ನೂ ಶ್ರೀಮಂತರ ಮುಂದೆ ಹಾರುತ್ತಲೇ ಇದೆ.

ಜಪಾನಿನ ಕಥೆಯಲ್ಲೂ ಒಬ್ಬ ಹೆಣ್ಣಿದ್ದಾಳೆ, ಆದರೆ ಮೂತಿಯ ಮೇಲಲ್ಲ. ಬಡಗಿಯ ಮಗ ಸಾಕಿಚಿ ಟೊಯೋಡಾ, ತಾಯಿ ಮಗ್ಗದ ಮುಂದೆ ಬೆನ್ನು ಮುರಿದುಕೊಳ್ಳುವುದನ್ನು ನೋಡಲಾರದೆ ಒಂದೇ ಕೈಯಲ್ಲಿ ನೇಯಬಹುದಾದ ಮರದ ಮಗ್ಗ ಮಾಡಿದ. 1891ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮಗ್ಗದ ಆ ಮನೆತನದಿಂದಲೇ 1937ರಲ್ಲಿ ಟೊಯೋಟಾ ಮೋಟಾರು ಕಂಪನಿ ಹುಟ್ಟಿದ್ದು. ನಮ್ಮ ಬಿಡದಿಯಲ್ಲಿ ಕ್ವಾಲಿಸ್ ಮಾಡಿದವರು ಇವರೇ. ಆ ಕ್ವಾಲಿಸ್ ಬಾಡಿಗೆಗೆ ಹಿಡಿದು ಧರ್ಮಸ್ಥಳಕ್ಕೆ ಹೋಗಿಬಾರದ ಮನೆ ನಮ್ಮ ಬೀದಿಯಲ್ಲಿ ಕಡಿಮೆ.

ಸಾಕಿಚಿ ಹುಟ್ಟಿ ನೂರು ವರ್ಷವಾದ ನೆನಪಿಗೆ 1967ರಲ್ಲಿ ಅವರು 'ಸೆಂಚುರಿ' ಎಂಬ ಕಾರು ತಂದರು. ಅರಮನೆಯವರು, ಮಂತ್ರಿಗಳು ಕೂರುವ ಕಾರು. ಸೀಟಿಗೆ ಮೊದಲ ಆಯ್ಕೆ ಚರ್ಮವಲ್ಲ, ಉಣ್ಣೆಯ ಬಟ್ಟೆ. ಕೂತವರು ಮಿಸುಕಿದರೆ ಚರ್ಮ ಕಿರುಗುಟ್ಟುತ್ತದೆ, ಉಣ್ಣೆ ಸುಮ್ಮನಿರುತ್ತದೆ. 2018ರ ಹೊಸ ಮಾದರಿಯಲ್ಲಿ ಮಾಡಿದ ಒಂದು ಬದಲಾವಣೆ ಓದಿ ನನಗೆ ಗಂಟಲುಬ್ಬಿತು. ಹಿಂದಿನವರು ಹತ್ತಿಳಿಯಲು ಸುಲಭವಾಗಲೆಂದು ಬಾಗಿಲ ಹೊಸ್ತಿಲಿಗೂ ಒಳನೆಲಕ್ಕೂ ನಡುವಿನ ಏರುಪೇರನ್ನು 15 ಮಿಲಿಮೀಟರ್ ತಗ್ಗಿಸಿದ್ದಾರೆ. ಒಂದು ಬೆರಳಗಲ! ಅದನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಅತ್ತೆಯವರ ಮಂಡಿಗೆ ಮಾತ್ರ ಗೊತ್ತಾಗುತ್ತದೆ.

ಯೂರೋಪಿನವರು ಇಂಥ ಕೆಲಸಕ್ಕೆ 'ಬೆಸ್ಪೋಕ್' ಎನ್ನುತ್ತಾರೆ. ದರ್ಜಿಯ ಅಂಗಡಿಯ ಮಾತು ಅದು. ಈ ಬಟ್ಟೆಯನ್ನು ಗಿರಾಕಿ ಆಗಲೇ ಹೇಳಿಟ್ಟಿದ್ದಾನೆ ಎಂದರ್ಥ. ನಮ್ಮ ಕನ್ನಡದಲ್ಲೂ 'ಹೇಳಿ ಮಾಡಿಸಿದ ಹಾಗಿದೆ' ಎನ್ನುತ್ತೇವಲ್ಲ, ಹಾಗೆ. ಸರಿ, ಹೇಳಿದವರು ಯಾರು? ರವಿಕೆ ಹೊಲಿಯಲು ಕೊಡುವಾಗ ದರ್ಜಿ ಅಳತೆ ತೆಗೆಯುವುದು ತೊಡುವವಳದ್ದನ್ನೋ, ದುಡ್ಡು ಕೊಡುವವನದ್ದನ್ನೋ? ಕಾರಿನ ವಿಷಯಕ್ಕೆ ಬಂದರೆ ನಮ್ಮ ಮನೆಗಳಲ್ಲಿ ಹೇಳುವವನು ಸ್ಟಿಯರಿಂಗ್ ಹಿಡಿದವನು. ಹಿಂದೆ ಕೂರುವ ಅಜ್ಜಿಯನ್ನು, ತುಂಬು ಬಸುರಿಯನ್ನು, ಮಡಿಲಲ್ಲಿ ಮಗು ಮಲಗಿಸಿಕೊಂಡವಳನ್ನು ಕೇಳಿದವರುಂಟೆ?

"ಜಪಾನಿನವರೆಲ್ಲ ಸಾಚಾಗಳೇನು?" ಎಂದ ಮಗ. ಅಲ್ಲವೇ ಅಲ್ಲ. ದೊಡ್ಡ ಕಾರನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಚಕ್ರಗಳನ್ನು ಓರೆ ಮಾಡಿ, ಅದಕ್ಕೆ 'ವಿಐಪಿ ಶೈಲಿ' ಎಂದು ಹೆಸರಿಟ್ಟು ಮೆರೆಯುವ ಹುಡುಗರು ಅಲ್ಲೂ ಇದ್ದಾರೆ. ಅತ್ತ ರೋಲ್ಸ್ ರಾಯ್ಸಿನ ಹಿಂಬಾಗಿಲಿಗೆ ಕೀಲು ಇರುವುದು ಹಿಂದುಗಡೆ. ಬಾಗಿಲು ಕಾಲಿಗೆ ಅಡ್ಡ ಬರುವುದಿಲ್ಲ, ನೆಟ್ಟಗೆ ನಡೆದು ಹೋಗಿ ಕೂರಬಹುದು. ಅದು ನಿಜವಾದ ಮರ್ಯಾದೆ. ನನ್ನ ಸಿಟ್ಟು ಯೂರೋಪಿನ ಮೇಲಲ್ಲ. ಅವರಲ್ಲಿ ಬಾಗಿಲೂ ಇತ್ತು, ನಕ್ಷತ್ರವೂ ಇತ್ತು. ನಾವು ನಕಲು ಮಾಡಿದ್ದು ನಕ್ಷತ್ರವನ್ನು.

ಜಪಾನಿನಲ್ಲಿ ಟೊಯೋಟಾದವರು 'ವೆಲ್‌ಕ್ಯಾಬ್' ಎಂಬ ಹೆಸರಿನಲ್ಲಿ, ಸೀಟೇ ಹೊರಗೆ ತಿರುಗಿ ಕೆಳಗಿಳಿದು, ಕೂರಿಸಿಕೊಂಡು ಒಳಗೆ ಹೋಗುವ ಕಾರುಗಳನ್ನೂ ಮಾರುತ್ತಾರೆ. ಅಷ್ಟು ದೂರ ಯಾಕೆ, 2025ರ ಕೊನೆಯಲ್ಲಿ ಮಾರುತಿ ಸುಜುಕಿಯವರೇ ಬೆಂಗಳೂರಿನ ಪುಟ್ಟ ಕಂಪನಿಯೊಂದರ ಜೊತೆ ಸೇರಿ ವ್ಯಾಗನ್‌ಆರ್ ಕಾರಿಗೆ ತಿರುಗುವ ಸೀಟು ತಂದರು. ಕಾರಿನ ಮೂಲ ರಚನೆ ಬದಲಿಸಬಾರದೆನ್ನುವ ನಮ್ಮ ಮೋಟಾರು ವಾಹನ ಕಾಯಿದೆಯೂ, ಅಂಗವಿಕಲರಿಗಾಗಿ ಮಾರ್ಪಡಿಸಲು ದಾರಿ ಬಿಟ್ಟಿದೆ. ಕಾಯಿದೆಗೆ ಹೊಳೆದದ್ದು ನಮ್ಮ ವರಾಂಡದ ಪಂಡಿತರಿಗೆ ಹೊಳೆಯಲಿಲ್ಲ!

ಕೊನೆಗೆ ನಾನೇ ಅತ್ತೆಯವರನ್ನು ಕೇಳಿದೆ: "ಕಾರಿಗೆ ನಿಮಗೇನು ಮಾಡಿಸಬೇಕು?" ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಈ ಮನೆಯಲ್ಲಿ ಮೂರು ಕಾರು ಬಂದು ಹೋಗಿದ್ದರೂ ಯಾರೂ ಕೇಳದಿದ್ದ ಪ್ರಶ್ನೆ. ಆಮೇಲೆ ಮೆಲ್ಲಗೆ, "ಕಾಲಿಡೋಕೆ ಒಂದು ಮಣೆ ಇದ್ರೆ ಸಾಕು. ಆ ಹೊದಿಕೆ ತೆಗೆಸು, ಸೀರೆ ಜಾರುತ್ತೆ. ಬಾಗಿಲ ಮೇಲೆ ಹಿಡ್ಕೊಳ್ಳೋ ಹಿಡಿ ಇತ್ತಲ್ಲ, ಅದೆಲ್ಲಿ ಹೋಯ್ತು?" ಎಂದರು.

ಅದೆಲ್ಲಿ ಹೋಯ್ತು ಗೊತ್ತೆ? ನಕ್ಷತ್ರ ಕೂರಿಸಲು ಅಡ್ಡಿಯೆಂದು ಅಂಗಡಿಯವನು ಬಿಚ್ಚಿ ಕೈಗೆ ಕೊಟ್ಟಿದ್ದ. ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿತ್ತು. ಮಗ ಮುಖ ಕೆಂಪಗೆ ಮಾಡಿಕೊಂಡು ಹುಡುಕಿ ತಂದ, ಹಾಕಿಸಿದ. ಹೊದಿಕೆ ತೆಗೆಸಿದ. ಬಡಗಿ ಗಟ್ಟಿಯಾದ ಮಣೆಯೊಂದನ್ನು ಮಾಡಿಕೊಟ್ಟ, ಅಡಿಗೆ ರಬ್ಬರು. ಎಲ್ಲ ಸೇರಿ ನಕ್ಷತ್ರದ ಖರ್ಚಿನಲ್ಲಿ ಕಾಲುಭಾಗವೂ ಆಗಲಿಲ್ಲ.

ನಿಮ್ಮ ಮನೆಗೂ ಕಾರು ಬಂದಿರಬಹುದು, ಬರಲಿರಬಹುದು. ಬಣ್ಣ, ಚಕ್ರ, ಪಾಟಿನ ಮಾತೆಲ್ಲ ಗಂಡಸರೇ ಆಡಿಕೊಳ್ಳಲಿ. ಆದರೆ ಹಿಂದಿನ ಸೀಟಿನವರ ಮಾತನ್ನು ನೀವು ಹೇಳಿ. ಹೇಳದೆ ಯಾರೂ ಮಾಡಿಸುವುದಿಲ್ಲ.

ಮೊನ್ನೆ ಯಲಹಂಕದಲ್ಲಿ ಒಂದು ನಾಮಕರಣವಿತ್ತು. ಅತ್ತೆಯವರು ಮಣೆಯ ಮೇಲೆ ಕಾಲಿಟ್ಟು, ಹಿಡಿ ಹಿಡಿದು, ಸೆರಗು ಸರಿಮಾಡಿಕೊಂಡು ತಾವೇ ಹತ್ತಿ ಕೂತರು. ಎರಡು ಹೋಳಿಗೆ ತಿಂದರು. ಹೊರಗಿನ ಊಟ ಚೆನ್ನಾಗಿಯೇ ಸೇರಿತು.