ಹಲ್ಲು ದೇಹಕ್ಕೆ ಸೇರಿದ್ದಲ್ಲವೇನು?

‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಅನ್ನೋ ಗಾದೆ ನಮಗೆಲ್ಲ ಬಾಯಿಪಾಠ. ಈ ಗಾದೆ ನಮಗೆ ಒಳ್ಳೇದು ಮಾಡಿಲ್ಲ. ವಯಸ್ಸಾದ ಮೇಲೆ ಹಲ್ಲು ಹೋಗೋದು ಹಣೆಬರಹ ಅಂತ ನಂಬಿಸಿಬಿಟ್ಟಿದೆ. ಅದು ಹಣೆಬರಹ ಅಲ್ಲ. ಹೆಚ್ಚಿನ ಹಲ್ಲು ಹೋಗೋದು ಹುಳುಕಿನಿಂದ, ವಸಡಿನ ರೋಗದಿಂದ. ಎರಡನ್ನೂ ತಡೆಯಬಹುದು.

ಮಲಪನಗುಡಿ ಇರಲಿ, ಕಂಪ್ಲಿ, ಸಂಡೂರಿನ ಹಳ್ಳಿಗಳಿರಲಿ, ಜೋಳದ ರೊಟ್ಟಿಯನ್ನು ಸಾರಲ್ಲಿ ನೆನೆಸಿ ನುಂಗುವ ಹಿರಿಯರು ಎಲ್ಲ ಓಣಿಯಲ್ಲೂ ಸಿಗುತ್ತಾರೆ. ಶೇಂಗಾ, ಕಡಲೆ, ಸೌತೆಕಾಯಿ, ಮೂಲಂಗಿ ಅವರ ತಟ್ಟೆ ಬಿಟ್ಟು ಎಷ್ಟೋ ಕಾಲವಾಯಿತು. ಉಳಿದದ್ದು ಮೆತ್ತನೆ ಅನ್ನ, ಚಹಾದಲ್ಲಿ ಅದ್ದಿದ ಬಿಸ್ಕತ್ತು. ಆಮೇಲೆ ‘ಅಜ್ಜಿಗೆ ಶಕ್ತಿ ಇಲ್ಲ’ ಅಂತ ಟಾನಿಕ್ ತರುತ್ತೇವೆ. ಬಾಯಿ ತೆರೆಸಿ ನೋಡುವವರು ಯಾರು?

ಸಕ್ಕರೆ ಕಾಯಿಲೆ ಇದ್ದವರು ಇನ್ನೂ ಹುಷಾರಾಗಿರಬೇಕು. ಸಕ್ಕರೆ ಏರಿದರೆ ವಸಡು ಕೆಡುತ್ತೆ. ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರೋದು ಕಷ್ಟವಾಗುತ್ತೆ. ಸಕ್ಕರೆ ಮಾತ್ರೆ ಕೊಟ್ಟು ಕಳಿಸಿ, ವಸಡಲ್ಲಿ ರಕ್ತ ಬರುತ್ತಾ ಅಂತ ಕೇಳದಿದ್ದರೆ ಅದು ಅರ್ಧ ಚಿಕಿತ್ಸೆ.

ಇನ್ನು ಗುಟ್ಕಾ. 2013ರಲ್ಲೇ ರಾಜ್ಯದಲ್ಲಿ ನಿಷೇಧವಾಯಿತು. ಆದದ್ದೇನು? ಪಾನ್ ಮಸಾಲ ಒಂದು ಚೀಟು, ತಂಬಾಕು ಇನ್ನೊಂದು ಚೀಟು. ಕೊಂಡವನು ಅಂಗೈಯಲ್ಲಿ ಬೆರೆಸಿಕೊಂಡ. ನಿದ್ದೆ ಬರಬಾರದು ಅಂತ ಲಾರಿ ಡ್ರೈವರು, ಹಸಿವು ಗೊತ್ತಾಗಬಾರದು ಅಂತ ಕಬ್ಬು ಕಡಿಯುವವರು ಬಾಯಿಗೆ ಹಾಕುತ್ತಾರೆ. ಅವರನ್ನು ಬೈಯೋದು ಸುಲಭ. ಮಾರಲು ಬಿಟ್ಟವರನ್ನು ಕೇಳೋದು ಕಷ್ಟ. ‘ತಂಬಾಕಿಲ್ಲ, ಬರೀ ಅಡಿಕೆ’ ಅನ್ನೋ ಸಮಾಧಾನವೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಬಿಪಿಎಲ್ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲು ‘ದಂತ ಭಾಗ್ಯ’ ಯೋಜನೆ ತಂದಿತು. ಆದರೆ ಹಲ್ಲು ಕಟ್ಟಿಸೋದು ಒಂದೇ ದಿನದ ಕೆಲಸವಲ್ಲ. ಅಳತೆ, ಅಚ್ಚು, ಹಾಕಿ ನೋಡೋದು ಅಂತ ನಾಲ್ಕೈದು ಸಲ ಓಡಾಡಬೇಕು. ನಮಗೆ ಹತ್ತಿರದ ಸರ್ಕಾರಿ ದಂತ ಕಾಲೇಜು ಬಳ್ಳಾರಿಯಲ್ಲಿ, ಹೊಸಪೇಟೆಯಿಂದ ಸುಮಾರು 60 ಕಿ.ಮೀ. ಅಜ್ಜನ ಜೊತೆ ಹೋಗುವ ಮಗನಿಗೆ ಅಷ್ಟು ದಿನದ ಕೂಲಿ ಹೋಯಿತು. ಹಲ್ಲು ಉಚಿತ, ದಾರಿ ಉಚಿತವಲ್ಲ.

‘ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತೆ’ ಅನ್ನೋ ಮಾತನ್ನು ಇವತ್ತೇ ಬಿಡಿ. ಅದು ಸುಳ್ಳು. ಆ ಹೆದರಿಕೆಯಿಂದ ಕೀವು ತುಂಬಿದ ಹಲ್ಲು ಇಟ್ಟುಕೊಂಡು, ಮುಖ ಊದಿದ ಮೇಲೆ ಆಸ್ಪತ್ರೆಗೆ ಹೋದರೆ ಖರ್ಚೂ ಹೆಚ್ಚು, ಅಪಾಯವೂ ಹೆಚ್ಚು.

ಕೇಳಬೇಕಾದ್ದು ಇಷ್ಟೇ. 30 ದಾಟಿದ ಎಲ್ಲರ ಬಾಯಿಯನ್ನೂ ಕ್ಯಾನ್ಸರ್ ಲಕ್ಷಣ ಇದೆಯಾ ಅಂತ ನೋಡಬೇಕು ಅನ್ನೋದು ಸರ್ಕಾರದ್ದೇ ಕಾರ್ಯಕ್ರಮ. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಬಿ.ಪಿ., ಸಕ್ಕರೆ ನೋಡಿ ಕಳಿಸಿದರೆ, ‘ಬಾಯಿನೂ ನೋಡಿ’ ಅನ್ನಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ಕಾಯಬೇಡಿ. ಮುಂದಿನ ಗ್ರಾಮಸಭೆಯಲ್ಲಿ, ತಿಂಗಳಿಗೊಂದು ದಿನ ಹಲ್ಲಿನ ಡಾಕ್ಟರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಬೇಕು ಅಂತ ಠರಾವು ಮಾಡಿಸಿ.

ರಸ್ತೆ, ಚರಂಡಿ ಕೇಳುವ ಬಾಯಿ ತನಗಾಗಿಯೂ ಒಂದು ಮಾತು ಕೇಳಲಿ.