ಕಾರಿಗೊಂದು ಬೆಳಕಿಂಡಿ

ನಮ್ಮ ಬಸವನಗುಡಿ, ಚಾಮರಾಜಪೇಟೆಯ ಹಳೆಯ ಹೆಂಚಿನ ಮನೆಗಳಲ್ಲಿ ಅಡುಗೆಮನೆಗೆ ಒಂದು ಬೆಳಕಿಂಡಿ ಇರುತ್ತಿತ್ತು. ಒಂದೆರಡು ಮಣ್ಣಿನ ಹೆಂಚು ತೆಗೆದು ಆ ಜಾಗಕ್ಕೆ ಗಾಜಿನ ಹೆಂಚು ಕೂರಿಸುತ್ತಿದ್ದರು. ಅಕ್ಕಿಯಲ್ಲಿನ ಕಲ್ಲು ಕಾಣಬೇಕು, ಒಲೆಯ ಮುಂದೆ ಕೂತವಳಿಗೆ ಹೊತ್ತು ಎಷ್ಟಾಯಿತೆಂದು ತಿಳಿಯಬೇಕು. ಅದಕ್ಕೊಂದು ಕೆಲಸವಿತ್ತು. ಈಗ ಕಾರಿಗೂ ಬೆಳಕಿಂಡಿ ಬಂದಿದೆ, ಹೆಸರು ಸನ್‌ರೂಫ್. ಕಲ್ಲುಮುಳ್ಳು ತುಳಿಯುವುದಕ್ಕೆಂದೇ ಹುಟ್ಟಿದ ಜೀಪಿನ ಜಾತಿಯ ಗಾಡಿಗೂ ಅದು ಬೇಕಂತೆ. ಬೇಡ ಎನ್ನುವುದು ನನ್ನ ವಾದ.

ಈ ವಾದ ನಮ್ಮ ಮನೆಯಲ್ಲಿ ಒಂದು ತಿಂಗಳಿಂದ ನಡೆದಿದೆ. ನನ್ನ ತಮ್ಮನ ಮಗ ಇಂಥ ಗಾಡಿ ಕೊಳ್ಳಬೇಕೆಂದು ಹೊರಟಿದ್ದಾನೆ. ಗಾಂಧಿಬಜಾರಿನಲ್ಲಿ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲದಿರುವಾಗ ಬೆಟ್ಟ ಹತ್ತುವ ಗಾಡಿ ಯಾಕಪ್ಪಾ ಎಂದು ಕೇಳಿದ್ದಾಯಿತು. ಆ ಪ್ರಶ್ನೆಯಲ್ಲಿ ನಾನು ಸೋತೆ. ದುಡಿಯುವ ಹುಡುಗ, ವರ್ಷಕ್ಕೆ ನಾಲ್ಕು ಸಲ ಮಲೆನಾಡಿಗೆ ಹೋಗಿಬರುವವನು, ಕೊಳ್ಳಲಿ. ಆದರೆ ಮೇಲೆ ಗಾಜು ಇರಲೋ ಬೇಡವೋ ಎಂಬಲ್ಲಿ ನಾನು ಬಿಟ್ಟುಕೊಟ್ಟಿಲ್ಲ.

ಗಾಡಿ ತಯಾರಿಸುವವರಲ್ಲೇ ಈ ಬಗ್ಗೆ ಒಮ್ಮತವಿಲ್ಲ ನೋಡಿ. 2023ರಲ್ಲಿ ಬಂದ ಜಿಮ್ನಿಗೆ ಸನ್‌ರೂಫ್ ಇರಲಿಲ್ಲ, ಆದರೆ ನಾಲ್ಕೂ ಚಕ್ರ ಎಳೆಯುವ ಏರ್ಪಾಟು ಎಲ್ಲ ಮಾದರಿಗೂ ಇತ್ತು. 2024ರ ಆಗಸ್ಟಿನಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್‌ನ ತೀರಾ ಕೆಳಗಿನ ಮಾದರಿಗೆ ಅದಿಲ್ಲ. ತುತ್ತತುದಿಯ ಮಾದರಿಗೆ ಹಿಂದಿನ ಸೀಟಿನ ತನಕ ಚಾಚಿದ ದೊಡ್ಡ ಗಾಜು. ಬಹಳಷ್ಟು ಗಾಡಿಗಳಲ್ಲಿ ಕಿಂಡಿ ಬೇಕಾದರೆ ಮೇಲಿನ ಮೆಟ್ಟಿಲಿನ ಮಾದರಿಯನ್ನೇ ಕೊಳ್ಳಬೇಕು. ಮದುವೆ ಛತ್ರದವರು ವಾದ್ಯ, ಹೂವು, ಅಡುಗೆ ಎಲ್ಲ ಸೇರಿಸಿ ಒಂದೇ ಮೊತ್ತ ಹೇಳುತ್ತಾರಲ್ಲ, ಹಾಗೆ. ಕಿಂಡಿಗೆ ಎಷ್ಟು ಕೊಟ್ಟೆವೆಂದು ಕೊನೆಗೂ ತಿಳಿಯುವುದಿಲ್ಲ.

ಕೊಡಚಾದ್ರಿಗೆ ಹೋದವರಿಗೆ ಅಲ್ಲಿನ ಜೀಪುಗಳು ನೆನಪಿರುತ್ತವೆ. ಮೇಲೆ ಟಾರ್ಪಾಲಿನ ಹೊದಿಕೆ, ಹಿಡಿದುಕೊಳ್ಳಲು ಕಬ್ಬಿಣದ ಸರಳು. ಸುಮಾರು 1,340 ಮೀಟರ್ ಎತ್ತರದ ಬೆಟ್ಟದ ಆ ಕೊರಕಲು ದಾರಿಯಲ್ಲಿ ಗಾಡಿ ಎಡಕ್ಕೆ ವಾಲಿದರೆ ಎದೆ ಬಾಯಿಗೆ ಬರುತ್ತದೆ. ಅಂಥ ದಾರಿಯಲ್ಲಿ ಒಂದು ಚಕ್ರ ಗುಂಡಿಯಲ್ಲಿ, ಇನ್ನೊಂದು ಬಂಡೆಯ ಮೇಲೆ. ಗಾಡಿಯ ಮೈಯೇ ಒಂದಿಷ್ಟು ತಿರುಚಿಕೊಳ್ಳುತ್ತದೆ. ಮೇಲೆ ಗಾಜು, ಹಳಿ, ಮೋಟಾರು ಎಲ್ಲವನ್ನೂ ಹೊತ್ತರೆ ಭಾರ ಎತ್ತರಕ್ಕೆ ಏರಿತಲ್ಲ! ವಾಲುವ ಗಾಡಿಗೆ ತಲೆಭಾರ ಒಳ್ಳೆಯದಲ್ಲವೆಂದು ತುಂಬಿದ ಕೊಡ ಹೊತ್ತ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ.

ಇನ್ನು ನೀರಿನ ವಿಷಯ. ಗಾಜಿನ ಸುತ್ತ ರಬ್ಬರ್ ಪಟ್ಟಿ ಇರುತ್ತದೆ, ಅದೇ ಮಳೆಯನ್ನು ಪೂರ್ತಿ ತಡೆಯುತ್ತದೆ ಎಂದು ನಾವು ನಂಬಿರುತ್ತೇವೆ. ಹಾಗಲ್ಲ. ರಬ್ಬರು ದಾಟಿ ಒಂದಿಷ್ಟು ನೀರು ಒಳಗಿಳಿಯುವುದು ಲೆಕ್ಕದಲ್ಲಿಯೇ ಇದೆ. ಆ ನೀರನ್ನು ಹಿಡಿಯಲು ಚೌಕಟ್ಟಿನ ಸುತ್ತ ಒಂದು ಸಣ್ಣ ಕಾಲುವೆ, ಅದರ ಮೂಲೆಗಳಿಂದ ಬೆರಳಿಗಿಂತ ಸಪೂರವಾದ ಕೊಳವೆಗಳು. ಅವು ಕಿಟಕಿಯ ಪಕ್ಕದ ಕಂಬಗಳೊಳಗೆ ಇಳಿದು ನೀರನ್ನು ಗಾಡಿಯ ಕೆಳಗೆ ಬಿಡುತ್ತವೆ. ನಮ್ಮ ತಾರಸಿಯ ನೀರು ಹೋಗುವ ಕೊಳವೆಯಂತೆಯೇ. ತಾರಸಿಯ ಕೊಳವೆಗೆ ಎಲೆ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ? ನಮ್ಮ ಬೀದಿಗಳಲ್ಲಿ ಕಾರು ನಿಲ್ಲುವುದು ಹೊಂಗೆಯ ಕೆಳಗೆ, ಆಕಾಶಮಲ್ಲಿಗೆಯ ಕೆಳಗೆ. ಹೊಂಗೆ ಹೂವು ಉದುರುವ ದಿನಗಳಲ್ಲಿ ಬೆಳಗ್ಗೆ ಗುಡಿಸಿದ ಅಂಗಳ ಮಧ್ಯಾಹ್ನಕ್ಕೆ ಮತ್ತೆ ಹಾಸಿಗೆ. ಪಕ್ಕದ ಮನೆಯವರ ಕಾರಿನ ಚಾವಣಿ ಬಟ್ಟೆ ಒಂದು ಮಳೆಗಾಲದಲ್ಲಿ ನೆಂದು, ಹಳದಿ ಕಲೆ ಕಟ್ಟಿ, ಒದ್ದೆ ಕಂಬಳಿಯ ವಾಸನೆ ಹೊಡೆಯಿತು. ಮೆಕ್ಯಾನಿಕ್ ಆ ಕೊಳವೆಯಿಂದ ಹೊರತೆಗೆದದ್ದು ಒಂದು ಚಿಟಿಕೆ ಹೂವಿನ ಕೆಸರು, ಅಷ್ಟೆ. ಕಾಡುದಾರಿಯ ಧೂಳು ಇದಕ್ಕೆ ಸೇರಿದರೆ ಹೇಳುವುದೇ ಬೇಡ.

ಬಿಸಿಲಿನ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಸೂರ್ಯನ ಮುಖ ಕಾಣದೆ ವಾರಗಟ್ಟಲೆ ಕಳೆಯುವ ದೇಶದವರಿಗೆ ಈ ಗಾಜು ಹಬ್ಬ. ನಾವು ಮಾರ್ಚಿನಲ್ಲಿ ಕಾರು ನಿಲ್ಲಿಸಲು ನೆರಳು ಹುಡುಕುವ ಜನ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಇದನ್ನು ಮಾರುವುದು ನಮ್ಮ ಹೆಸರಿನಲ್ಲಿ! ಷೋರೂಮಿಗೆ ಹೋದಾಗ ಹುಡುಗ ಎಂಜಿನ್ನಿನ ಮಾತನ್ನು ನನ್ನ ತಮ್ಮನ ಮಗನ ಹತ್ತಿರ ಆಡಿದ, ಸಾಲದ ಮಾತನ್ನು ತಮ್ಮನ ಹತ್ತಿರ ಆಡಿದ. ಅರ್ಧ ಕಂತು ಕಟ್ಟಲಿರುವ ಸೊಸೆಯ ಕಡೆ ತಿರುಗಿ, "ಮೇಡಂ, ಕಲರ್ ಯಾವುದು ಇಷ್ಟ? ಸನ್‌ರೂಫ್ ನೋಡಿದ್ರಾ?" ಎಂದ. ಅಂದರೆ ನಮಗೆ ಬಣ್ಣ ಮತ್ತು ಕಿಂಡಿ. ಸೀರೆಯಂಗಡಿಯಲ್ಲಿ ನೂಲು, ಅಂಚು, ತೂಕ, ಎಲ್ಲವನ್ನೂ ಕೇಳಿ ಅಂಗಡಿಯವನನ್ನು ಬೆವರಿಳಿಸುವ ನಾವು ಇಲ್ಲಿ ಮಾತ್ರ ಯಾಕೆ ತಲೆಯೆತ್ತಿ ಗಾಜು ನೋಡಿಕೊಂಡು ನಗುತ್ತಾ ನಿಲ್ಲಬೇಕು?

ಮಕ್ಕಳ ಹೆಸರಿನಲ್ಲಿ ಮಾರುವುದಂತೂ ಇನ್ನೂ ಕೆಟ್ಟದ್ದು. ಭಾನುವಾರ ಸಂಜೆ ಲಾಲ್‌ಬಾಗಿನ ಪಶ್ಚಿಮ ಬಾಗಿಲಿನ ಹತ್ತಿರ ನಿಂತು ನೋಡಿ, ಮಕ್ಕಳು ಮೇಲಿನಿಂದ ಸೊಂಟದ ತನಕ ಹೊರಗೆ. ಅಪ್ಪ ಅಮ್ಮ ಒಳಗೆ ಕೂತು ಸಂತೋಷಪಡುತ್ತಿರುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಇದೇ ಬೆಂಗಳೂರಿನಲ್ಲಿ, ವಿದ್ಯಾರಣ್ಯಪುರದ ಕಡೆ, ಹಾಗೆ ನಿಂತಿದ್ದ ಪುಟ್ಟ ಹುಡುಗನ ತಲೆ ಎತ್ತರದ ವಾಹನಗಳನ್ನು ತಡೆಯಲು ಹಾಕಿದ್ದ ಕಬ್ಬಿಣದ ಅಡ್ಡಪಟ್ಟಿಗೆ ಬಡಿಯಿತು. ಹಿಂದಿನ ಗಾಡಿಯವರು ತೆಗೆದ ಆ ಚಿತ್ರವನ್ನು ನಾನು ಎರಡನೆಯ ಸಲ ನೋಡಲಾರೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಹದಿನಾಲ್ಕರೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕೆಂದು ಬರೆದಿದೆ, ತಪ್ಪಿದರೆ ದಂಡವೂ ಇದೆ. ನಿಂತ ಮಗುವಿಗೆ ಯಾವ ಬೆಲ್ಟು? ನಾನು ಮೂವತ್ತು ವರ್ಷದಿಂದ ಮಕ್ಕಳ ನಡುವೆ ಇರುವವಳು. ಬಾಗಿಲು ತೆರೆದಿಟ್ಟು "ಹೊರಗೆ ಹೋಗಬೇಡ" ಎಂದು ಹೇಳುವುದರಿಂದ ಏನಾಗುತ್ತದೆಂದು ನನಗೆ ಗೊತ್ತು. ಒಂದು ದಿನ ಕೇಳುತ್ತಾರೆ. ಎರಡನೆಯ ದಿನ ಹಟ. ಮೂರನೆಯ ದಿನ ಅಜ್ಜಿಯೋ ತಾತನೋ "ಹೋಗಲಿ ಬಿಡು, ಐದು ನಿಮಿಷ" ಎನ್ನುತ್ತಾರೆ.

ಎದುರು ಪಕ್ಷಕ್ಕೂ ಒಂದು ನ್ಯಾಯವಾದ ಮಾತಿದೆ, ಹೇಳದಿದ್ದರೆ ತಪ್ಪಾಗುತ್ತದೆ. ಸೊಸೆಗೆ ಘಾಟಿಯಲ್ಲಿ ವಾಂತಿ. ಒಳಗೆಲ್ಲ ಕಪ್ಪು ಬಣ್ಣದ ಗಾಡಿಯ ಹಿಂದಿನ ಸೀಟಿನಲ್ಲಿ ಉಸಿರು ಕಟ್ಟುತ್ತದೆ, ಮೇಲಿಂದ ಬೆಳಕು ಬಂದರೆ ಹಿತ ಎನ್ನುತ್ತಾಳೆ. "ಅತ್ತೆ, ನಿಮಗೆ ಆ ಸಂಕಟ ಗೊತ್ತಿಲ್ಲ" ಎಂದಳು. ನಿಜ, ಗೊತ್ತಿಲ್ಲ. ಗಾಜನ್ನು ಹಿಂದುಗಡೆ ಒಂದಿಷ್ಟು ಎತ್ತಿಟ್ಟರೆ ಒಳಗಿನ ಧಗೆ ಹೊರಗೆ ಹೋಗುತ್ತದೆ ಎನ್ನುವುದೂ ಸುಳ್ಳಲ್ಲ. ಆದರೆ ಅದಕ್ಕೆ ಮುಂದಿನ ಸೀಟಿದೆಯಲ್ಲ? ಗಂಡನಷ್ಟೇ ಚೆನ್ನಾಗಿ ಕಾರು ಓಡಿಸುತ್ತಾಳೆ. ಸ್ಟಿಯರಿಂಗ್ ಹಿಡಿದವರಿಗೆ ವಾಂತಿಯಾಗುವುದು ಬಹಳ ಅಪರೂಪ. ಘಾಟಿ ಬಂದಾಗ ಅವಳ ಕೈಗೆ ಗಾಡಿ ಕೊಡಲಿ, ಅವನು ಹಿಂದೆ ಕೂತು ಮಗುವನ್ನು ನೋಡಿಕೊಳ್ಳಲಿ. ಇದನ್ನು ಹೇಳಿದಾಗ ಮನೆಯಲ್ಲಿ ಎಲ್ಲರೂ ನಕ್ಕರು, ಸೊಸೆ ಒಬ್ಬಳು ನಗಲಿಲ್ಲ.

ಮುಂದಿನ ಶನಿವಾರ ಮತ್ತೆ ಷೋರೂಮಿಗೆ ಹೋಗುತ್ತಾರಂತೆ. ಈ ಸಲ ಸೊಸೆ ಕೈಯಲ್ಲಿ ಚೀಟಿ ಬರೆದುಕೊಂಡಿದ್ದಾಳೆ: ಹಿಂದಿನ ಮೂರೂ ಸೀಟಿಗೆ ಹೆಗಲಿನ ಮೇಲೆ ಬರುವ ಬೆಲ್ಟಿದೆಯೇ, ಮಗುವಿನ ಸೀಟು ಕಟ್ಟಲು ಕೊಂಡಿ ಇದೆಯೇ, ಗುದ್ದಾಟದ ಪರೀಕ್ಷೆಯಲ್ಲಿ ಎಷ್ಟು ನಕ್ಷತ್ರ, ಸನ್‌ರೂಫ್ ಇಲ್ಲದ ಮಾದರಿಗೆ ಏನೇನು ತಪ್ಪುತ್ತದೆ, ಎಷ್ಟು ಉಳಿಯುತ್ತದೆ. ನಾನೂ ಹೋಗುತ್ತಿದ್ದೇನೆ. ನೆಲದಿಂದ ಅಷ್ಟು ಎತ್ತರದ ಆ ಗಾಡಿಯ ಹಿಂದಿನ ಸೀಟಿಗೆ ಆರು ಗಜದ ಸೀರೆ ಉಟ್ಟವಳು ಹೇಗೆ ಹತ್ತಬೇಕೆಂದು ಆ ಹುಡುಗ ಹತ್ತಿ ತೋರಿಸಲಿ.